ಪದಚರ್ಚೆ: ಸ್ಕೋಪಿನ ‘ಪ್ಯಾರಲಾಕ್ಸ್’ಗೆ ಕನ್ನಡದಾಗ ಏನಂತೀರಿ? ಜೊತಿಗೆ ರಿಕಾಯಿಲ್, ರೆಟಿಕಲ್, ಕ್ಲಿಕ್

ಎಲ್ಲಾರಿಗೂ ನಮಸ್ಕಾರ್ರಿ,

ಕೇಳಬೇಕಾಗಿದ್ದು ಒಂದ ಪದ, ಆದ್ರ ಅದರ ಹಿಂದ ಇನ್ನೂ ನಾಕೈದು ಜೋತ ಬಿದ್ದಾವು. ಏರ್ ರೈಫಲ್‌ಗೆ (ಗಾಳಿ ಒತ್ತಡದಿಂದ ಹೊಡಿಯೋ ಬಂದೂಕಿಗೆ) ಚಲೋ ಸ್ಕೋಪ್ (ಗುರಿ ನೋಡೋ ದುರ್ಬೀನ) ಹೆಂಗ ಆರಿಸಬೇಕು ಅಂತ ಕನ್ನಡದಾಗ ಒಂದ ಹಾಳಿ ಬರದು ಕೊಡ್ರಿ ಅಂತ ನಮ್ಮ ಬೆಳಗಾವ್ಯಾಗ ಹುಡುಗರಿಗೆ ಶೂಟಿಂಗ್ ಕಲಿಸೋ ಒಬ್ರು ಕೇಳ್ಯಾರ. ಅವರು ಮರಾಠಾ ಲೈಟ್ ಇನ್‌ಫೆಂಟ್ರ್ಯಾಗ ಇದ್ದು ರಿಟೈರ್ ಆದವರು, ಮಿಲಿಟ್ರಿ ಹಿಂದಿ, ಮರಾಠಿ, ಕನ್ನಡ ಮೂರೂ ಕಲಸಿ ಮಾತಾಡ್ತಾರ, ಹುಡುಗರಿಗೆ ತಿಳೀತೈತಿ, ಆದ್ರ ಬರದು ಗ್ವಾಡಿಗೆ ಹಚ್ಚಬೇಕಂದ್ರ ನನಗ ಪದ ಸಿಗವಲ್ಲವು.

ಪದ ಯಾಕ ಬೇಕು, ಇಂಗ್ಲಿಷಿಂದs ಬರೀರಿ ಅಂತ ಕೆಲವರು ಅಂತೀರಿ, ಗೊತ್ತೈತಿ. ಸ್ಕೋಪ್, ಲೆನ್ಸ್, ರೈಫಲ್, ಇವನ್ನ ನಾನೂ ಮುಟ್ಟಂಗಿಲ್ಲ, ಅವು ನಮ್ಮವಾಗ್ಯಾವು. ಆದ್ರ ಅಂಗಡಿಗೆ ಹೋದವರು ಏನ ಕೇಳ್ತಾರ ನೋಡ್ರಿ. ‘ಎಷ್ಟ ಪಟ್ಟು ದೊಡ್ಡದ ಕಾಣ್ತೈತಿ?’ ಅಷ್ಟ. ಯಾಕಂದ್ರ ಸ್ಕೋಪಿನ ಗುಣಗಳ ಪೈಕಿ ಕನ್ನಡದಾಗ ಕೇಳಾಕ ಬರೋದು ಅದೊಂದs. ಡಬ್ಬಿ ಮ್ಯಾಲ 3-9×40 ಅಂತ ಇದ್ರ ಮೂರರಿಂದ ಒಂಬತ್ತ ಪಟ್ಟು, ಮುಂದಿನ ಗಾಜು 40 ಮಿಲಿಮೀಟರ್. 6-24×50 ಅಂತಿದ್ರ ಇನ್ನೂ ದೊಡ್ಡದು, ಹಂಗಾದ್ರ ಅದs ಚಲೋ ಅಂತ ತಿಳಕೊಂಡು ರೊಕ್ಕಾ ಎಣಿಸಿ ಬರ್ತಾರ. ಹತ್ತ ಮೀಟರ್ ಮ್ಯಾಲ ಇಟ್ಟ ಚೀಟಿ ಅದರಾಗ ಮಬ್ಬಮಬ್ಬ ಕಂಡಾಗ ‘ಸ್ಕೋಪ್ ಕೆಟ್ಟೈತಿ’ ಅಂತ ವಾಪಸ್ ಒಯ್ತಾರ. ಕೆಟ್ಟಿರಂಗಿಲ್ಲ ಅದು. ಹತ್ರದ್ದು ನೋಡಾಕ ಮಾಡಿದ್ದಲ್ಲ, ಅಷ್ಟ. ನಮ್ಮ ಕಡೆ ಸ್ಕೋಪಿಗೆ ಹಳೇ ಹೆಸರು ದುರ್ಬೀನ, ದೂರದ್ದು ನೋಡೋ ಸಾಮಾನು, ಆದ್ರ ಏರ್ ರೈಫಲ್‌ನ್ಯಾಗ ದುರ್ಬೀನ ಹತ್ರದ್ದ ನೋಡಬೇಕಾಗ್ತೈತಿ.

ಮೊದಲನೇ ಪದ, ಪ್ಯಾರಲಾಕ್ಸ್. ಗೊತ್ತಿಲ್ಲದವರಿಗೆ ಹೇಳತೀನಿ: ಗಾಡಿಯ ಸ್ಪೀಡೋಮೀಟರ್ ಮುಳ್ಳು ಡ್ರೈವರ್‌ಗೆ 60ರ ಮ್ಯಾಲ ಕಂಡ್ರ ಬಾಜೂ ಸೀಟಿನಾಗ ಕುಂತವರಿಗೆ ಅದs ಮುಳ್ಳು ಬ್ಯಾರೆ ಅಂಕಿ ಮ್ಯಾಲ ಕಾಣ್ತೈತಿ, ಮುಳ್ಳು ಮುಂದ, ಅಂಕಿ ಹಿಂದ, ನಡುವ ಸಂದ ಇರ್ತೈತಿ ಅದಕ್ಕ. ಸ್ಕೋಪಿನ ಒಳಗೂ ಹಂಗs, ಗುರಿಯ ಬಿಂಬ ಒಂದ ಕಡೆ ಬಿದ್ದು, ಗುರಿ ಹಿಡಿಯಾಕ ಒಳಗ ಕಾಣೋ ಕ್ರಾಸಿನ ಗೆರಿ ಇನ್ನೊಂದ ಕಡೆ ಇದ್ರ, ಕಣ್ಣು ಸ್ವಲ್ಪ ಸರಿದ್ರ ಸಾಕು ಗೆರಿ ಗುರಿಮ್ಯಾಲಿಂದ ಜಾರ್ತೈತಿ. ರೈಫಲ್ ಮರಳಿನ ಚೀಲದ ಮ್ಯಾಲ ಇಟ್ಟು, ಕೈ ಹಚ್ಚದs, ತಲಿ ಅಷ್ಟ ಎಡಕ್ಕ ಬಲಕ್ಕ ಮಾಡಿ ನೋಡ್ರಿ, ಕ್ರಾಸು ಗುರಿಮ್ಯಾಲ ಅಡ್ಡಾಡಿದ್ರ ಪ್ಯಾರಲಾಕ್ಸ್ ಐತಿ ಅಂತ ಅರ್ಥ.

ಇದು ಎಷ್ಟ ದೊಡ್ಡ ವಿಷಯ ಅನ್ನೋದಕ್ಕ ಒಂದ ಲೆಕ್ಕ. ದೊಡ್ಡ ಬಂದೂಕಿನ ಸ್ಕೋಪಿಗೆ ಫ್ಯಾಕ್ಟರ್ಯಾಗ ಸಾಮಾನ್ಯವಾಗಿ 100 ಗಜದ ಗುರಿಗೆ ಪ್ಯಾರಲಾಕ್ಸ್ ಇಲ್ಲದಂಗ ಕೂಡಿಸಿ ಬಿಟ್ಟಿರ್ತಾರ, ತಿರುವಾಕ ಏನೂ ಇರಂಗಿಲ್ಲ. ಅಂಥದ್ದೊಂದು 40 ಮಿಲಿಮೀಟರ್ ಗಾಜಿನ ಸ್ಕೋಪ್ ತಂದು 10 ಗಜದ ಗುರಿ ನೋಡಿದ್ರ, ಕಣ್ಣು ಪೂರಾ ಅಂಚಿಗೆ ಸರಿದಾಗ ತಪ್ಪು 18 ಮಿಲಿಮೀಟರ್ ತನಕ ಹೋಗ್ತೈತಿ (ಗಾಜಿನ ಅರ್ಧ 20, ಅದನ್ನ ದೂರದ ವ್ಯತ್ಯಾಸ 90ರಿಂದ ಗುಣಿಸಿ 100ರಿಂದ ಭಾಗಿಸ್ರಿ). ನಮ್ಮ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಇರೋದು 4.5 ಮಿಲಿಮೀಟರ್. ಅಂದ್ರ ನಾಕ ಪೆಲೆಟ್ ಅಗಲದಷ್ಟು ಆಚೆ, ಹುಡುಗನ ಕೈಯೂ ನಡುಗಿಲ್ಲ, ರೈಫಲ್ಲೂ ಕೆಟ್ಟಿಲ್ಲ. ಅದಕ್ಕs ಏರ್ ರೈಫಲ್‌ಗೆ ಸ್ಕೋಪ್ ತಗೊಳ್ಳೋವಾಗ 10 ಗಜದ ತನಕಾ ಕೂಡಿಸಾಕ ಬರ್ತೈತೇನು ಅಂತ ಮೊದಲ ಕೇಳಬೇಕು. ಕೂಡಿಸೋ ತಿರುಪು ಮುಂದಿನ ಗಾಜಿನ ಸುತ್ತ ಇರ್ತೈತಿ, ಇಲ್ಲಾ ಎಡಬಾಜೂಕ ಗುಂಡಿ ಇರ್ತೈತಿ. ಗುಂಡಿ ಇದ್ರ ಕಣ್ಣು ತಗೀದs ತಿರುವಬೋದು, ರೊಕ್ಕಾನೂ ಹೆಚ್ಚು ಅದಕ್ಕ.

ಇಂಗ್ಲೆಂಡಿನ ಕಡೆ ಫೀಲ್ಡ್ ಟಾರ್ಗೆಟ್ ಅಂತ ಒಂದ ಆಟ ಐತಿ, 55 ಗಜದ ತನಕ ಬ್ಯಾರೆ ಬ್ಯಾರೆ ದೂರದಾಗ ಕಬ್ಬಿಣದ ಗುರಿ ಇಟ್ಟಿರ್ತಾರ, ದೂರ ಎಷ್ಟು ಅಂತ ಯಾರೂ ಹೇಳಂಗಿಲ್ಲ. ಅವರು ಈ ಬಾಜೂ ಗುಂಡಿಗೆ ತಾಟಿನಷ್ಟು ದೊಡ್ಡ ಗಾಲಿ ಹಾಕಿ, 40, 50 ಪಟ್ಟಿನ್ಯಾಗ ಗುರಿ ಸ್ವಚ್ಛ ಕಂಡ ಜಾಗಾದಾಗ ಗಾಲಿ ಮ್ಯಾಲಿನ ಅಂಕಿ ಓದಿ ದೂರ ತಿಳಕೋತಾರ. ಜಪಾನಿನ ಮಾರ್ಚ್, ಇಂಗ್ಲೆಂಡಿನ ಹಾಕ್, ಈ ಸ್ಕೋಪ್ ಬ್ರ್ಯಾಂಡಿನ ಹೆಸರು ಅಲ್ಲೇ ಹೆಚ್ಚ ಕೇಳತಾವು. ಬಿಸಿಲಿಗೆ ಸ್ಕೋಪ್ ಕಾದ್ರ ಅದs ಅಂಕಿ ಒಂದೆರಡ ಗಜ ಆಚೆ ಈಚೆ ತೋರಸ್ತೈತಿ, ಹಂಗಾಗಿ ಸ್ಕೋಪಿಗೆ ಛತ್ರಿ ಹಿಡಿಯೋರೂ ಅದಾರ ಅಂತ! ನಮ್ಮ ಏಪ್ರಿಲ್ ಬಿಸಲಾಗ ಏನ್ ಗತಿನೋ.

ಈಗ ಪದ. ನನ್ನ ಹಂತೇಕ ಇರೋವು ಇವು. ‘ದೃಷ್ಟಿಭ್ರಮೆ’ ಅಂತ ಒಬ್ರು ಹೇಳಿದ್ರು, ಅದು ಬ್ಯಾಡ, ಇದು ಭ್ರಮೆ ಅಲ್ಲ, ಕಣ್ಣು ಸರಿಯಾಗೇ ನೋಡತೈತಿ. ‘ಸ್ಥಾನಪಲ್ಲಟ’ ಶಾಲಿ ಭೌತಶಾಸ್ತ್ರದಾಗ ಬ್ಯಾರೆದಕ್ಕ ಹೋಗೇತಿ. ಇನ್ನ ಉಳಿದದ್ದು ‘ಲಂಬನ’. ಇದು ನಾ ಕಟ್ಟಿದ್ದಲ್ರಿ, ಗ್ರಹಣದ ಲೆಕ್ಕ ಮಾಡೋ ಜ್ಯೋತಿಷ್ಯ ಗ್ರಂಥದಾಗ ಸೂರ್ಯಸಿದ್ಧಾಂತದ ಕಾಲದಿಂದ ಐತಿ. ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯ ಗೋಲಾಧ್ಯಾಯದಾಗ ಲಂಬನ ಯಾಕ ಹುಟ್ಟತೈತಿ ಅನ್ನೋದಕ್ಕ ಕಾರಣ ಕೊಡ್ತಾರ: ಲೆಕ್ಕ ಮಾಡೋದು ಭೂಮಿಯ ನಟ್ಟನಡುವಿಂದ, ನೋಡೋ ಮನಷ್ಯಾ ನಿಂತಿರೋದು ಭೂಮಿ ಮ್ಯಾಲ, ಅರ್ಧ ವ್ಯಾಸದಷ್ಟು ಆಚೆ, ಹಂಗಾಗಿ ಒಂದs ಗೆರಿಮ್ಯಾಲ ಇರೋ ಸೂರ್ಯ ಚಂದ್ರ ಇವನ ಕಣ್ಣಿಗೆ ಒಂದs ಗೆರಿಮ್ಯಾಲ ಕಾಣಂಗಿಲ್ಲ. ಸ್ಕೋಪಿನ ಮಾತು ಇದಕ್ಕಿಂತ ಏನ್ ಬ್ಯಾರೆ ಐತಿ ಹೇಳ್ರಿ? ಕಣ್ಣು ನಡುವ ಇಲ್ಲ, ಅಂಚಿಗೈತಿ. (ಭಾಸ್ಕರಾಚಾರ್ಯರ ಊರು ನಮ್ಮ ಬಾಜೂ ವಿಜಯಪುರ ಅಂತ ಕೆಲವರು, ಅಲ್ಲಾ ಮಹಾರಾಷ್ಟ್ರದ ಕಡೆ ಅಂತ ಕೆಲವರು, ಆ ಜಗಳಾ ಇಲ್ಲಿ ತಗೀಬ್ಯಾಡ್ರಿ, ಹೋದ ಸಲದಂಗ ಆಗ್ತೈತಿ.)

ಲಂಬನದ ತೊಂದ್ರಿ ಏನಂದ್ರ, ಹತ್ತನೇ ಕ್ಲಾಸ್ ಓದಿದ ಹುಡುಗಂಗ ‘ಲಂಬ’ ಅಂದ್ರ 90 ಡಿಗ್ರಿ. ಲಂಬನ ತಗೀ ಅಂದ್ರ ಸ್ಕೋಪ್ ನೆಟ್ಟಗ ನಿಲ್ಲಸ್ತಾನ. ಅದೂ ಬೇಕಾದದ್ದs ಬಿಡ್ರಿ, ಕ್ರಾಸು ವಾರಿ ಇದ್ರ ದೂರ ಹೆಚ್ಚಾದಂಗ ಏಟು ಬಾಜೂಕ ಹೋಗ್ತಾವು, ಆದ್ರ ಅದು ಬ್ಯಾರೆ ಕೆಲಸ. ಹುಡುಗ್ರು ತಾವs ಏನಂತಾರ ಅಂದ್ರ ‘ಸರ್, ಕ್ರಾಸ್ ತೇಲಾಕತ್ತೈತ್ರಿ’ ಅಂತಾರ. ನನಗ ಇದು ಭಾಳ ಸೇರೇತಿ. ‘ತೇಲಾಟ’ ಅಂತ ಮಾಡಿದ್ರ ಹೆಂಗ? ‘ತೇಲಾಟ ತಗಿಯೋ ಗುಂಡಿ’, ‘ಈ ಸ್ಕೋಪಿನಾಗ ಹತ್ತ ಗಜದ ತನಕ ತೇಲಾಟ ತಗೀಬೋದು’. ಪಂಡಿತರಿಗೆ ಲಂಬನ, ಶೂಟಿಂಗ್ ರೇಂಜಿನಾಗ ತೇಲಾಟ ಅನ್ನೋದು ನನ್ನ ಕಡೆಯ ವೋಟು, ಆದ್ರ ಬೆಂಗಳೂರು ಮೈಸೂರು ಕಡೆಯವರಿಗೆ ಇದು ಹೆಂಗ ಕೇಳಸ್ತೈತಿ ಹೇಳಬೇಕು.

ಇದರ ಜೊತಿಗೇ ‘ಫೋಕಸ್’ ಬರ್ತೈತಿ. ಕಣ್ಣಿನ ಕಡೆಯ ತಿರುಪು ತಿರುವಿದ್ರ ಕ್ರಾಸಿನ ಗೆರಿ ಸ್ವಚ್ಛ ಆಗ್ತಾವು, ಬಾಜೂ ಗುಂಡಿ ತಿರುವಿದ್ರ ಗುರಿ ಸ್ವಚ್ಛ ಆಗ್ತೈತಿ, ಎರಡಕ್ಕೂ ಎಲ್ಲಾರೂ ಫೋಕಸ್ ಅಂದು ಬಿಡ್ತಾರ. ಮೊದಲ್ನೇದು ಬಿಳೇ ಗ್ವಾಡಿ ನೋಡಿ ಒಮ್ಮೆ ಕೂಡಿಸಿ ಮರೀಬೇಕು, ಎರಡನೇದು ದೂರ ಬದಲಾದಾಗೆಲ್ಲಾ ತಿರುವಬೇಕು. ಹಾಳ್ಯಾಗ ನಾ ‘ಗೆರಿ ತಿಳಿ’, ‘ಗುರಿ ತಿಳಿ’ ಅಂತ ಬರದೇನಿ, ನೀರು ತಿಳಿ ಆಗ್ತೈತಲ್ಲ, ಆ ತಿಳಿ. ಓದಿದವರು ‘ತಿಳಿದುಕೋ’ ಅಂತ ತಿಳಕೊಂಡ್ರ ಕಷ್ಟ.

ಎರಡನೇ ಪದ ರಿಕಾಯಿಲ್, ಹೊಡದಾಗ ಬಂದೂಕ ಕೊಡೋ ಧಕ್ಕೆ. ‘ಹಿಮ್ಮೆಟ್ಟುವಿಕೆ’ ಅಂತ ಬರದ್ರ ಮುಗೀತು ಅನಸ್ತೈತಿ, ಮುಗಿಯಂಗಿಲ್ಲ. ಸ್ಪ್ರಿಂಗ್ ರೈಫಲ್‌ನ್ಯಾಗ ಭಾರದ ಪಿಸ್ಟನ್ ಮುಂದ ಓಡೋವಾಗ ರೈಫಲ್ ಹಿಂದ ಬರ್ತೈತಿ, ಆ ಪಿಸ್ಟನ್ ತುದಿಗೆ ಹೋಗಿ ಗಾಳಿ ಮ್ಯಾಲ ಬಡದು ನಿಂತಾಗ ಇಡೀ ರೈಫಲ್ ಮುಂದಕ್ಕ ಜಗ್ಗತೈತಿ. ಇವೆರಡೂ ಆಗೋದು ಕಣ್ಣ ಮುಚ್ಚಿ ತಗಿಯೋದರಾಗ. ದೊಡ್ಡ ಬಂದೂಕಿನ ಸ್ಕೋಪಿನ ಒಳಗಿನ ಗಾಜು ಹಿಂದಿನ ಏಟು ತಡಕೊಳ್ಳಾಕ ಕಟ್ಟಿದ್ದು, ಮುಂದಿನ ಜಗ್ಗಿಗಲ್ಲ, ಅದಕ್ಕs ಭಾರೀ ಬೆಲಿಯ ಸ್ಕೋಪೂ ಅಗ್ಗದ ಸ್ಪ್ರಿಂಗ್ ರೈಫಲ್ ಮ್ಯಾಲ ಹಾಳಾಗಬೋದು. ಮುಂದ ಹೋಗೋದಕ್ಕ ‘ಹಿಮ್ಮೆಟ್ಟು’ ಅನ್ನಾಕ ಹೆಂಗ ಬರ್ತೈತಿ? ನಮ್ಮ ಕಡೆ ‘ಬಂದೂಕ ಒದೀತೈತಿ’ ಅಂತಾರ, ಒದಿಯೋದಕ್ಕ ಹಿಂದ ಮುಂದ ಇಲ್ಲ, ಹಂಗಾಗಿ ‘ಹಿಂದಿನ ಒದೆ, ಮುಂದಿನ ಒದೆ, ಎರಡೊದೆ ತಡಿಯೋ ಸ್ಕೋಪ್’ ಅಂತ ಬರದೇನಿ. ಗಾಳಿ ತುಂಬಿದ ಸಿಲಿಂಡರಿನ ಪಿಸಿಪಿ ರೈಫಲ್‌ಗೆ ಒದೆ ಇಲ್ಲ ಅಂದ್ರೂ ನಡೀತೈತಿ, ಅಲ್ಲಿ ಯಾವ ಸ್ಕೋಪಾದ್ರೂ ಬಾಳತೈತಿ, ತೇಲಾಟದ ಮಾತು ಬಿಟ್ರ.

ಈ ಒದೆಗೆ ಮೌಂಟ್ (ಸ್ಕೋಪನ್ನ ರೈಫಲ್‌ಗೆ ಹಿಡಿದಿಡೋ ಹಿಡಿಕಿ) ಹಿಂದ ಜಾರ್ತಾವು, ಅದಕ್ಕ ಒಂದ ಸಣ್ಣ ಮೊಳೆ ಇರ್ತೈತಿ, ರೈಫಲ್ ಮ್ಯಾಲಿನ ತೂತಿನಾಗ ಕೂಡ್ರತೈತಿ. ಅದಕ್ಕ ಪದ ಬ್ಯಾಡ, ತಡೆಮೊಳೆ ಅಂದ್ರ ಆತು.

ಮೂರನೇದು ರೆಟಿಕಲ್, ಸ್ಕೋಪಿನ ಒಳಗಿನ ಗುರಿ ಹಿಡಿಯೋ ಗೆರಿ. ಎಲ್ಲಾರೂ ಕ್ರಾಸ್, ಪ್ಲಸ್ ಅಂತಾರ, ನಡೀತೈತಿ. ತಕರಾರು ಬರೋದು ಫಸ್ಟ್ ಫೋಕಲ್ ಪ್ಲೇನ್, ಸೆಕೆಂಡ್ ಫೋಕಲ್ ಪ್ಲೇನ್ ಅಂದಾಗ. ಪಠ್ಯದ ‘ಸಂಗಮ ದೂರ’ದ ದಾರಿ ಹಿಡದು ‘ಮೊದಲನೇ ಸಂಗಮ ತಲ’ ಅಂದ್ರ ಶುದ್ಧ ಆಗ್ತೈತಿ, ಆದ್ರ ಕೊಳ್ಳಾವಂಗ ಏನೂ ತಿಳಿಯಂಗಿಲ್ಲ. ಅವಂಗ ಬೇಕಾದದ್ದು, ಪಟ್ಟು ಹೆಚ್ಚು ಮಾಡಿದ್ರ ಗುರಿ ಜೊತಿಗೆ ಗೆರಿನೂ ದೊಡ್ಡದಾಗ್ತಾವೋ ಇಲ್ಲೋ ಅನ್ನೋದು. ‘ಬೆಳಿಯೋ ಗೆರಿ’, ‘ಬೆಳೀದ ಗೆರಿ’ ಅಂತ ಹಾಕೇನಿ. ಬೆಳಿಯೋ ಗೆರಿಯಿದ್ರ ಯಾವ ಪಟ್ಟಿನ್ಯಾಗೂ ಗೆರಿ ಮ್ಯಾಲಿನ ಚುಕ್ಕಿಗಳ ಲೆಕ್ಕ ಒಂದs: ಒಂದ ಮಿಲ್ (ಕೋನ ಅಳಿಯೋ ಅಳತಿ) ಅಂದ್ರ 100 ಮೀಟರ್‌ಗೆ 10 ಸೆಂಟಿಮೀಟರ್, 10 ಮೀಟರ್‌ಗೆ 1 ಸೆಂಟಿಮೀಟರ್. ಬೆಳೀದ ಗೆರಿಯಾಗ ಆ ಲೆಕ್ಕ ಒಂದs ಪಟ್ಟಿಗೆ ಖರೆ. ಆದ್ರ ಗೆರಿ ಸಣ್ಣಗ ಉಳೀತಾವು, ಪುಟ್ಟ ಗುರಿ ಮುಚ್ಚಂಗಿಲ್ಲ, ಅದಕ್ಕ ಕೆಲವರು ಅದನ್ನs ಬೇಕಂತ ತಗೋತಾರ.

ಏಟು ಬೀಳೋ ಜಾಗಾ ಸರಿಸಾಕ ಸ್ಕೋಪಿನ ತಿರುಪು ತಿರುವಿದಾಗ ಬರೋ ಒಂದೊಂದ ಹೆಜ್ಜಿ, ಅಂದ್ರ ಕ್ಲಿಕ್ಕಿಗೆ ‘ಟಕ್’ ಅಂತ ನಮ್ಮ ಹುಡುಗ್ರು ಆಗಲೇ ಮಾಡಿಬಿಟ್ಟಾರ, ‘ಎರಡ ಟಕ್ ಮ್ಯಾಲ, ಒಂದ ಟಕ್ ಎಡಕ್ಕ’. 0.1 ಮಿಲ್ಲಿನ ಸ್ಕೋಪಿನಾಗ ಒಂದ ಟಕ್ಕಿಗೆ 10 ಮೀಟರ್ ಮ್ಯಾಲ ಏಟು 1 ಮಿಲಿಮೀಟರ್ ಸರೀತೈತಿ. ಇದಕ್ಕ ಬ್ಯಾರೆ ಪದ ಯಾರೂ ಕೊಡಬ್ಯಾಡ್ರಿ ದಯವಿಟ್ಟು.

ಇನ್ನ ‘ಶಿಸ್ತು’. ನಮ್ಮ ಮಿಲಿಟ್ರಿ ಸರ್ ‘ಶಿಸ್ತ್ ಲೋ’ ಅಂದಾಗ ಹೊಸಾ ಹುಡುಗ್ರು ನೆಟ್ಟಗ ಅಟೆನ್ಶನ್ ನಿಲ್ತಾರ, ಅವರು ಹೇಳಿದ್ದು ಗುರಿ ಹಿಡೀರಿ ಅಂತ. ಮರಾಠ್ಯಾಗ ‘ಶಿಸ್ತ’ ಅಂದ್ರ ಗುರಿ ಹಿಡಿಯೋದೂ ಹೌದು, ಡಿಸಿಪ್ಲಿನ್ನೂ ಹೌದು. ಕನ್ನಡದ ಹಳೇ ಕಾಗದಪತ್ರದಾಗ, ಲಾವಣ್ಯಾಗ, ಯಾರರೆ ಶಿಸ್ತು ಅನ್ನೋದನ್ನ ಬಂದೂಕಿನ ಗುರಿಯ ಅರ್ಥದಾಗ ನೋಡೀರೇನು? ಹಂಗs ನಳಿಗಿ ತುದಿಯ ಫೋರ್‌ಸೈಟಿಗೆ ಮರಾಠ್ಯಾಗ ‘ಮಾಶಿ’, ನೊಣ ಅಂತಾರ. ಕೊಡಗಿನವರು ಕೈಲ್‌ಪೊಳ್ದ್ ಹಬ್ಬಕ್ಕ ತೆಂಗಿನಕಾಯಿಗೆ ಗುಂಡ ಹೊಡೀತೀರಲ್ಲ, ನಿಮ್ಮ ಮನ್ಯಾಗ ಕೋವಿಯ ಆ ಮುಂದಿನ ಮಣಿಗೆ ಏನಂತೀರಿ?

ಒಲಿಂಪಿಕ್ಸಿನಾಗ ಯಾವ ಸ್ಕೋಪ್ ಹಾಕ್ತಾರ ಅಂತ ಯಾರರೆ ಕೇಳೇ ಕೇಳ್ತೀರಿ. ಹಾಕಂಗಿಲ್ಲ. 10 ಮೀಟರ್ ಏರ್ ರೈಫಲ್‌ನ್ಯಾಗ ದುರ್ಬೀನ ನಡಿಯಂಗಿಲ್ಲ, ಸಣ್ಣ ತೂತಿನ ಸೈಟ್ ಅಷ್ಟ. 2008ರಾಗ ಬೀಜಿಂಗಿನಾಗ ಅಭಿನವ್ ಬಿಂದ್ರಾ ಬಂಗಾರ ಹೊಡದದ್ದೂ ಅದರಾಗs, ಹತ್ತ ಅಂಕ ಸಿಗೋ ನಡುವಿನ ಚುಕ್ಕಿ ಅರ್ಧ ಮಿಲಿಮೀಟರ್. ನಮ್ಮ ಹಾಳಿ ಚೀಟಿಗೆ, ಡಬ್ಬಿಗೆ ಸ್ಕೋಪ್ ಹಾಕಿ ಹೊಡಿಯೋರಿಗೆ. ಹಕ್ಕಿಗೆ ಅಲ್ಲ, 1972ರ ವನ್ಯಜೀವಿ ಕಾಯ್ದೆ ಏರ್ ಗನ್ನಿಗೂ ಹತ್ತತೈತಿ ಅಂತ ಮ್ಯಾಲಿನ ಸಾಲಿನ್ಯಾಗs ಬರದೇನಿ.

ಕಡೇದು, ಐ ರಿಲೀಫ್. ಕಣ್ಣಿಗೂ ಹಿಂದಿನ ಗಾಜಿಗೂ ನಡುವ ಬಿಡೋ ಜಾಗಾ, ಸಾಮಾನ್ಯವಾಗಿ ಮೂರರಿಂದ ನಾಕ ಇಂಚು, ಹೆಚ್ಚುಕಮ್ಮಿ ಆದ್ರ ಸುತ್ತ ಕರೇ ಉಂಗುರ ಕಾಣ್ತೈತಿ. ‘ಕಣ್ಣಳತಿ’ ಅನ್ನೋಣಂದ್ರ ಅದಕ್ಕ ನಮ್ಮ ಕಡೆ ಅಂದಾಜು ಅನ್ನೋ ಅರ್ಥ ಗಟ್ಟಿಯಾಗಿ ಕುಂತೈತಿ, ‘ನೇತ್ರಾಂತರ’ ಅಂದ್ರ ದವಾಖಾನಿ ಬೋರ್ಡ್ ಓದಿದಂಗ ಆಗ್ತೈತಿ. ‘ಕಣ್ಸಂದು’ ಬರದು, ಹೊಡದು, ಮತ್ತ ಬರದು ಇಟ್ಟೇನಿ. ಇದಕ್ಕೊಂದು ಚಲೋ ಪದ ಯಾರ ಹಂತೇಕ ಐತಿ?