ಹಾಲಿಗೆ ಹಾಕುವ ಪುಡಿಯ ಜಾಹೀರಾತು, ಮಗುವಿನ ಹಟ: ಏನು ಮಾಡಬಹುದು?

ಹಾಸನದಮ್ಮ (ಪ್ರಶ್ನೆ):
ಮಗಳಿಗೆ ಆರು ವರ್ಷ. ಟಿವಿಯಲ್ಲಿ ಬರುವ ಚಾಕೊಲೇಟ್ ಪುಡಿ ಹಾಕದಿದ್ದರೆ ಹಾಲು ಮುಟ್ಟುವುದಿಲ್ಲ. ಅದನ್ನು ಕುಡಿದರೆ ಉದ್ದ ಆಗ್ತಾಳೆ ಅಂತ ಅತ್ತೆಯವರ ನಂಬಿಕೆ. ದಿನಕ್ಕೆ ಎರಡು ಲೋಟ, ಲೋಟಕ್ಕೆ ಎರಡು ಚಮಚ ಪುಡಿ, ಮೇಲೆ ಒಂದು ಚಮಚ ಸಕ್ಕರೆ. ಇದು ಜಾಸ್ತಿಯೇ? ಬಿಡಿಸೋದು ಹೇಗೆ? ಇಂಥ ಜಾಹೀರಾತಿನ ಮೇಲೆ ದೂರು ಕೊಡಬಹುದೇ?

ಆಹಾರತಜ್ಞೆ_ಮೈಸೂರು:
ಜಾಸ್ತಿ, ಮೇಡಂ. ಡಬ್ಬಿಯ ಮುಂಭಾಗ ಬಿಡಿ, ಹಿಂದಿನ ಪಟ್ಟಿಯಲ್ಲಿ ‘100 ಗ್ರಾಂಗೆ’ ಎನ್ನುವ ಕಾಲಂ ನೋಡಿ. ಉದಾಹರಣೆಗೆ ಬೋರ್ನ್‌ವಿಟಾದಲ್ಲಿ ಸೇರಿಸಿದ ಸಕ್ಕರೆ 100 ಗ್ರಾಂಗೆ 37.4 ಗ್ರಾಂ ಇತ್ತು. 2023ರಲ್ಲಿ ಟೀಕೆ ಬಂದ ಮೇಲೆ ಅದೇ ವರ್ಷದ ಕೊನೆಗೆ 32.2ಕ್ಕೆ ಇಳಿಸಿದರು. ಇಳಿಸಿದ ಲೆಕ್ಕವನ್ನೇ ಹಿಡಿದರೂ ಒಂದು ಲೋಟಕ್ಕೆ ಹಾಕುವ ಎರಡು ಚಮಚ, ಅಂದರೆ ಸುಮಾರು 20 ಗ್ರಾಂ ಪುಡಿಯಲ್ಲಿ 6.4 ಗ್ರಾಂ. ನೀವು ಹಾಕುವ ಒಂದು ಚಮಚ ಸಕ್ಕರೆ ಇನ್ನೂ 5. ಎರಡು ಲೋಟಕ್ಕೆ ಹತ್ತಿರ ಹತ್ತಿರ 23 ಗ್ರಾಂ ಆಯಿತು. ಈ ವಯಸ್ಸಿಗೆ ದಿನಕ್ಕೆ ಬೇಕಾದದ್ದು ಸುಮಾರು 1360 ಕ್ಯಾಲೊರಿ, ಅದರ ಶೇ. 10, ಅಂದರೆ 136 ಕ್ಯಾಲೊರಿ ಕೊಡುವ 34 ಗ್ರಾಂ ಸಕ್ಕರೆ, ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮೇಲ್ಮಿತಿ. ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ, ಅದು 17 ಗ್ರಾಂ. ಬಿಸ್ಕತ್ತು, ಜಾಮ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ!

ತುಂಬಾ ಜನ ಎಡವುವುದು ಡಬ್ಬಿಯ ಮೇಲಿನ ಶೇಕಡಾ ಅಂಕಿಯಲ್ಲಿ. ಅದು 2000 ಕ್ಯಾಲೊರಿ, 50 ಗ್ರಾಂ ಸಕ್ಕರೆ ಎಂಬ ದೊಡ್ಡವರ ಲೆಕ್ಕ. 6.4 ಗ್ರಾಂ ಅಲ್ಲಿ ಶೇ. 13 ಎಂದು ಕಂಡರೂ ನಿಮ್ಮ ಮಗಳ 34ರ ಲೆಕ್ಕದಲ್ಲಿ ಶೇ. 19. ಮಾಲ್ಟೋಡೆಕ್ಸ್‌ಟ್ರಿನ್ ಎಂಬ, ಪಿಷ್ಟದಿಂದ ಮಾಡಿದ ಪುಡಿ ಇದೆಯೇ ಎಂದೂ ನೋಡಿ. ಅದು ಸಕ್ಕರೆಯ ಸಾಲಿನಲ್ಲಿ ಬರುವುದಿಲ್ಲ, ಆದರೆ ಹೊಟ್ಟೆಗೆ ಹೋದ ಮೇಲೆ ಬೇಗನೆ ಗ್ಲೂಕೋಸ್ ಆಗುತ್ತದೆ.

ಇನ್ನು ಎತ್ತರ. ಐದು ವರ್ಷದಿಂದ ಪ್ರಾಯಕ್ಕೆ ಬರುವವರೆಗೆ ಮಕ್ಕಳು ವರ್ಷಕ್ಕೆ 5-6 ಸೆಂ.ಮೀ. ಹೇಗೂ ಬೆಳೆಯುತ್ತಾರೆ. ಅತ್ತೆಯವರ ಕಣ್ಣಿಗೆ ಅದೇ ಪುಡಿಯ ಫಲವಾಗಿ ಕಾಣುತ್ತದೆ. 4 ಸೆಂ.ಮೀ.ಗಿಂತ ಕಡಿಮೆ ಬೆಳೆದರೆ ಡಬ್ಬಿ ಬದಲಿಸಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. 200 ಮಿ.ಲೀ. ಹಾಲಿನಲ್ಲೇ ಆರು ಗ್ರಾಂ ಪ್ರೋಟೀನ್ ಇದೆ. ಇಂಥ ಪುಡಿ ಎರಡು ಚಮಚಕ್ಕೆ ಸೇರಿಸುವುದು ಸಾಮಾನ್ಯವಾಗಿ ಒಂದೂವರೆ ಗ್ರಾಂ.

ರಾಗಿಮುದ್ದೆ:
ಒಂದೇ ದಿನ ನಿಲ್ಲಿಸಿದರೆ ಹಾಲನ್ನೂ ಬಿಡುತ್ತಾಳೆ. ಮೊದಲ ವಾರ ಮೇಲಿನ ಸಕ್ಕರೆ ತೆಗೆಯಿರಿ. ಆಮೇಲೆ ವಾರಕ್ಕೆ ಅರ್ಧ ಚಮಚದಂತೆ ಪುಡಿ ಇಳಿಸಿ, ಜೊತೆಗೆ ಮೊಳಕೆ ರಾಗಿ ಹಿಟ್ಟು ಏರಿಸಿ. ರಾಗಿ ಹತ್ತು ಗಂಟೆ ನೆನೆಸಿ, ಬಟ್ಟೆಯಲ್ಲಿ ಒಂದು ದಿನ ಕಟ್ಟಿಟ್ಟು, ಗರಿಗರಿ ಆಗುವವರೆಗೆ ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಬೀಸಿಸಿ. ತೇವ ಉಳಿದರೆ ಹಿಟ್ಟು ಮುಗ್ಗುತ್ತದೆ, ಹುರಿದದ್ದು ಹೆಚ್ಚಾದರೆ ಕಹಿ. ತಣ್ಣೀರಲ್ಲಿ ಕದಡಿ ಕುದಿಯುವ ನೀರಿಗೆ ಹಾಕಿದರೆ ಗಂಟಾಗುವುದಿಲ್ಲ. ಐದು ನಿಮಿಷ ಬೇಯಿಸಿ, ಕೊನೆಗೆ ಹಾಲು ಸೇರಿಸಿ. ಬೆಲ್ಲ ಹಾಕುವುದಾದರೆ ಇಳಿಸಿದ ಮೇಲೆ ಹಾಕಿ, ಇಲ್ಲದಿದ್ದರೆ ಹಾಲು ಒಡೆಯಬಹುದು.

ಆಹಾರತಜ್ಞೆ_ಮೈಸೂರು:
ಒಂದು ಮಾತು ಸೇರಿಸುತ್ತೇನೆ: ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಬರುತ್ತದೆ. ಅರ್ಧ ಚಮಚ ಸಾಕು.

ಗ್ರಾಹಕ_ವೇದಿಕೆ:
ದೂರು ಖಂಡಿತ ಕೊಡಬಹುದು. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರ ಜೂನ್ 9ರಂದು ಹೊರಟ ಕೇಂದ್ರ ಮಾರ್ಗಸೂಚಿಯಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಭಾಗವಿದೆ. ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲದೆ ಬುದ್ಧಿ, ದೈಹಿಕ ಸಾಮರ್ಥ್ಯ ಹೆಚ್ಚುತ್ತದೆ ಎನ್ನುವಂತಿಲ್ಲ. ಕೊಡಿಸಿ ಎಂದು ಅಪ್ಪ ಅಮ್ಮನ ಬೆನ್ನುಬೀಳುವಂತೆ ಮಕ್ಕಳನ್ನು ನೇರವಾಗಿ ಹುರಿದುಂಬಿಸುವಂತಿಲ್ಲ. ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ಆಹಾರ ಸುರಕ್ಷತಾ ಕಾಯ್ದೆಯಲ್ಲಿಲ್ಲ. ಹಾಗಾಗಿಯೇ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು ಆ ಪಟ್ಟಿಯಿಂದ ತೆಗೆಯಲು ಕೇಂದ್ರ ಹೇಳಿತು.

‘ಈ ಜಾಹೀರಾತು ಕೆಟ್ಟದ್ದು’ ಎಂದಷ್ಟೇ ಬರೆದರೆ ದೂರು ಮುಂದಕ್ಕೆ ಹೋಗುವುದಿಲ್ಲ. ಅದರಲ್ಲಿ ಹೇಳಿದ ವಾಕ್ಯವನ್ನು ಅಕ್ಷರಶಃ ಬರೆಯಿರಿ. ಚಾನೆಲ್, ಭಾಷೆ, ದಿನಾಂಕ, ಸಮಯ, ಮೊಬೈಲಲ್ಲಿ ಹಿಡಿದ ವಿಡಿಯೊ, ಡಬ್ಬಿಯ ಎರಡೂ ಬದಿಯ ಫೋಟೊ ಇರಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಮ್ಮ ಜಿಲ್ಲಾಧಿಕಾರಿಗೂ ಲಿಖಿತವಾಗಿ ಕೊಡಬಹುದು. ತಪ್ಪು ಸಾಬೀತಾದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಸ್ವೀಕೃತಿ ಕೇಳಿ ಪಡೆಯಿರಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.