ಅಂಡಮಾನ್ ರಾತ್ರಿ ಕಯಾಕಿಂಗ್: ಹುಣ್ಣಿಮೆ ಸಮಯಕ್ಕೆ ಹೋದ್ರೆ ಹೊಳೆಯೋ ನೀರು ಕಾಣುತ್ತಾ?

ಮೈಸೂರ್‌ಪಾಕ್:
ಜನವರಿಯಲ್ಲಿ ಇಬ್ಬರು ಹ್ಯಾವ್‌ಲಾಕ್‌ಗೆ (ಈಗ ಸ್ವರಾಜ್ ದ್ವೀಪ), 4 ರಾತ್ರಿ. ರಾತ್ರಿ ಕಯಾಕ್‌ನಲ್ಲಿ (ಹುಟ್ಟು ಹಾಕೋ ಸಣ್ಣ ದೋಣಿ) ಹೋಗಿ, ಕದಡಿದ್ರೆ ಹೊಳೆಯೋ ಸಮುದ್ರದ ನೀರು ನೋಡೋ ಆಸೆ. ಟಿಕೆಟ್ ಸಿಕ್ಕಿರೋದು ಹುಣ್ಣಿಮೆ ಆಸುಪಾಸಿಗೆ. ದಿನ ಬದಲಾಯಿಸ್ಬೇಕಾ? ಒಬ್ಬರಿಗೆ ಈಜು ಬರಲ್ಲ. ಫೋನಲ್ಲಿ ಫೋಟೋ ಬರುತ್ತಾ? ಕೆಆರ್‌ಎಸ್ ಹಿನ್ನೀರಲ್ಲೂ ಹೀಗೇ ಹೊಳೆಯುತ್ತೆ ಅಂತ ಒಂದು ವಿಡಿಯೋ ಓಡಾಡ್ತಿದೆ, ನಿಜಾನಾ?

ಒಂಟಿಕೊಪ್ಪಲ್ಲಿನವ:
ಬದಲಾಯಿಸಿ. ಬೆಳದಿಂಗಳಲ್ಲೂ ಹೊಳೆಯುತ್ತೆ, ನಿಮ್ಮ ಕಣ್ಣಿಗೆ ಕಾಣಲ್ಲ ಅಷ್ಟೆ.

ಪಂಚಾಂಗ ಇಟ್ಕೊಂಡು ಲೆಕ್ಕ ಹಾಕಿ. ಹುಣ್ಣಿಮೆ ದಿನ ಸೂರ್ಯ ಮುಳುಗೋ ಹೊತ್ತಿಗೆ ಚಂದ್ರ ಹುಟ್ತಾನೆ, ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಆದ್ರೆ ಅಂಡಮಾನ್ ನಮಗಿಂತ ತುಂಬಾ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಹಾಗಾಗಿ ಮೈಸೂರಿನ ಸೂರ್ಯಾಸ್ತ, ಚಂದ್ರೋದಯದ ಸಮಯದಿಂದ ಹೆಚ್ಚೂಕಮ್ಮಿ ಒಂದು ಗಂಟೆ ಕಳೀಬೇಕು. ಎಲ್ರೂ ಎಡವೋದು ಇಲ್ಲೇ. ಜನವರಿಯಲ್ಲಿ ಅಲ್ಲಿ ಆರೂವರೆಗೆಲ್ಲ ಗವ್ವನೆ ಕತ್ತಲು. ಬಹುಳ ಪಂಚಮಿಗೆ ಚಂದ್ರ ಒಂಬತ್ತೂವರೆ ಹತ್ತಿರ ಬರೋದ್ರಿಂದ ಸಂಜೆಯ ಟ್ರಿಪ್ ಸಾಕು. ಬಹುಳ ಅಷ್ಟಮಿಯಿಂದ ಶುದ್ಧ ಬಿದಿಗೆವರೆಗೆ ಸಿಕ್ಕಿದ್ರೆ ಯೋಚನೆಯೇ ಬೇಡ.

ಇನ್ನೊಂದು ಮಾತು, ಇನ್‌ಸ್ಟಾಗ್ರಾಂನ ನೀಲಿ ನಿರೀಕ್ಷೆ ಮಾಡ್ಬೇಡಿ. ಹೊಳೆಯೋದು ನೀರಲ್ಲ, ಅದರಲ್ಲಿರೋ ಸೂಕ್ಷ್ಮಜೀವಿ; ನೀರು ಕದಡಿದಾಗ ಒಂದು ಕ್ಷಣ ಮಿಂಚಿ ಆರುತ್ತೆ. ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯಲ್ಲ, ಬೂದು ಬಿಳುಪಿನ ಕಿಡಿ ಹಾಗೆ ಕಾಣುತ್ತೆ. ಕಣ್ಣು ಕತ್ತಲಿಗೆ ಹೊಂದೋಕೆ 20-30 ನಿಮಿಷ ಬೇಕು. ಮಧ್ಯೆ ಒಂದು ಸಲ ವಾಟ್ಸಾಪ್ ನೋಡಿದ್ರೆ ಮತ್ತೆ ಮೊದಲಿಂದ.

ಹುಟ್ಟುಗೋಲು:
ಈಜು ಬರದಿದ್ರೆ ಗೈಡ್‌ಗೆ ದಡದಲ್ಲೇ ಹೇಳಿ, ನೀರಿಗಿಳಿದ ಮೇಲಲ್ಲ. ಜಾಕೆಟ್ ಬಕಲ್ ಎಲ್ಲಾ ಬಿಗಿದು, ಭುಜದ ಪಟ್ಟಿ ಹಿಡಿದು ಇನ್ನೊಬ್ಬರು ಮೇಲಕ್ಕೆಳೀಲಿ. ಕಿವಿವರೆಗೆ ಬಂತು ಅಂದ್ರೆ ಸೈಜು ದೊಡ್ಡದು, ಬದಲಾಯಿಸಿ: ನೀರಲ್ಲಿ ಜಾಕೆಟ್ ಮೇಲೆ ತೇಲುತ್ತೆ, ಒಳಗಿರೋರು ಕೆಳಗೆ ಜಾರ್ತಾರೆ. ಸೀಟಿ ಇರಲಿ.

ತೂಕ ಇರೋರು ಹಿಂದೆ ಕೂತ್ಕೊಳ್ಳಿ. ಮುಂದಿನವರು ಒಂದೇ ಲಯದಲ್ಲಿ ಹುಟ್ಟು ಹಾಕ್ಲಿ, ಹಿಂದಿನವರು ಅದನ್ನ ನೋಡ್ಕೊಂಡು ಹಾಕ್ಲಿ; ಇಲ್ಲಾಂದ್ರೆ ಎರಡು ಹುಟ್ಟೂ ಬಡಿದಾಡ್ತಾವೆ. ಇಂಥ ಟ್ರಿಪ್ಪಲ್ಲಿ ಕಯಾಕ್ ಮಗುಚೋದು ಅಲೆಯಿಂದಲ್ಲ, ಹೊಳಪು ಕಂಡ ಖುಷಿಗೆ ಇಬ್ಬರೂ ಒಂದೇ ಕಡೆ ಬಗ್ಗಿ ಕೈ ಅದ್ದೋದ್ರಿಂದ. ಸರದಿ ಮೇಲೆ ಅದ್ದಿ. ಮಗುಚಿದ್ರೆ ಕಯಾಕ್ ಬಿಡ್ಬೇಡಿ, ಹಿಡ್ಕೊಂಡು ಸೀಟಿ ಊದಿ.

ಫೋಟೋ ಕಯಾಕ್ ಮೇಲಿಂದ ಬರಲ್ಲ, ದೋಣಿ ಅಲ್ಲಾಡುತ್ತೆ. ದಡದಲ್ಲಿ ಟ್ರೈಪಾಡ್, ಪ್ರೊ ಮೋಡ್, ಐಎಸ್‌ಒ (ಬೆಳಕು ಹಿಡಿಯೋ ಸೂಕ್ಷ್ಮತೆ) 3200, ಶಟರ್ 10 ಸೆಕೆಂಡ್, ಫೋಕಸ್ ಕೈಯಲ್ಲೇ ದೂರಕ್ಕೆ. ಆಟೋಫೋಕಸ್ ಕತ್ತಲಲ್ಲಿ ತಡಕಾಡುತ್ತೆ. ಶಟರ್ ತೆರೆದಿರೋವಾಗ ಇನ್ನೊಬ್ಬರು ನೀರು ಕಲಕ್ತಾ ಇರಲಿ.

ಪಾಂಡವಪುರದ_ಹೈದ:
ಕೆಆರ್‌ಎಸ್ ವಿಡಿಯೋ ಸುಳ್ಳು ಗುರು. ಅದು ಸಮುದ್ರದ ಜೀವಿ, ಉಪ್ಪು ಬೇಕು, ಕಾವೇರಿ ನೀರಲ್ಲಿ ಬದುಕಾಕಿಲ್ಲ. ಮೊಸಳೆ ಇರೋ ನದಿಗೆ ಅದನ್ನ ನಂಬ್ಕಂಡು ರಾತ್ರಿ ಇಳೀಬೇಡಿ.

ಹತ್ರದಲ್ಲೇ ಬೇಕು ಅಂದ್ರೆ ಕೊಚ್ಚಿ ಪಕ್ಕದ ಕುಂಬಳಂಗಿ. ಬೇಸಿಗೆಯಲ್ಲಿ ಹಿನ್ನೀರಿಗೆ ಉಪ್ಪು ಏರಿದಾಗ ಹೊಳೀತದೆ, ಅಲ್ಲಿಯವ್ರು ಕವರು ಅಂತಾರೆ. ಜೋರು ಮಳೆ ಬಿದ್ದು ಸಿಹಿನೀರು ಸೇರ್ತು ಅಂದ್ರೆ ಮುಗೀತು. ನಮ್ಮ ಮಂಗಳೂರು, ಉಡುಪಿ ಕಡೇಲೂ 2020ರ ನವೆಂಬರ್‌ನಲ್ಲಿ ಅಲೆ ಹೊಳೆದಿತ್ತು, ಅದು ನಾಕ್ಟಿಲೂಕ ಅನ್ನೋ ಹೊಳೆಯೋ ಸೂಕ್ಷ್ಮಜೀವಿ. ಆದ್ರೆ ಇಂಥ ದಿನ ಅಂತ ಹೇಳಾಕಾಗಲ್ಲ, ಅದನ್ನ ನಂಬಿ ರೂಮ್ ಬುಕ್ ಮಾಡ್ಬೇಡಿ. ಹಗಲಲ್ಲಿ ನೀರು ಹಸಿರಾಗೋ ಕೆಂಪಾಗೋ ಗಟ್ಟಿಯಾಗಿದ್ದು ವಾಸ್ನೆ ಬತ್ತಿದ್ರೆ ಮೈ ಅದ್ದಬೇಡಿ, ಅದ್ರಲ್ಲಿ ಅಮೋನಿಯಾ ಇರ್ತದೆ.

ಮೈಸೂರ್‌ಪಾಕ್:
ಎಲ್ಲರಿಗೂ ಥ್ಯಾಂಕ್ಸ್, ಬಹುಳ ದಶಮಿಗೆ ಮುಂದೂಡ್ತೀವಿ. ಸೊಳ್ಳೆ ಔಷಧಿ ಹಚ್ಕೊಂಡು ಹೋಗ್ಬಹುದಾ?

ಹುಟ್ಟುಗೋಲು:
ಬೇಡ. ಕೈ ಅದ್ದಿದ ಕೂಡಲೇ ನೀರಿಗೆ ಬಿಡುತ್ತೆ, ಆ ಜೀವಿಗಳಿಗೆ ಒಳ್ಳೇದಲ್ಲ. ತುಂಬುತೋಳಿನ ಬೇಗ ಒಣಗೋ ಅಂಗಿ, ಉದ್ದ ಪ್ಯಾಂಟು ಹಾಕಿ. ಜೀನ್ಸ್ ಬೇಡ.