ತೀರಿಹೋದ ಡಚ್ ನೆರೆಯವರ ಬಗ್ಗೆ ಒಂದು ಪುಟ ಬರೆಯಬೇಕು, ಏನು ಬರೆಯಲಿ?

ಹೊಲದಂಚಿನ ಮನೆ:
ನಾವಿರುವುದು ಕೆನಡಾದ ಒಂಟಾರಿಯೋದಲ್ಲಿ, ಗ್ವೆಲ್ಫ್ ಹತ್ತಿರದ ಒಂದು ಹಳ್ಳಿಯಲ್ಲಿ. ಪಕ್ಕದ ಡೈರಿ ಫಾರ್ಮ್‌ನ ಹಿರಿಯರು ಹೋದ ವಾರ ತೀರಿಕೊಂಡರು. 86 ವರ್ಷ. ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡ್ ಕಡೆಯವರು, 1951ರಲ್ಲಿ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಬಂದಾಗ ಹನ್ನೆರಡರ ಹುಡುಗ. ಮೊಮ್ಮಕ್ಕಳು ಪಾಕೆ (ಫ್ರೀಸ್‌ಲ್ಯಾಂಡ್ ಭಾಷೆಯಲ್ಲಿ ಅಜ್ಜ) ಅನ್ನುತ್ತಿದ್ದರು, ನಮ್ಮ ಮಕ್ಕಳೂ ಹಾಗೇ ಕರೆದು ಕೊನೆಗೆ ನಮ್ಮ ಬಾಯಿಗೂ ಅದೇ ಬಂತು.

ಅವರ ಮಗಳು ಅಕ್ಕಪಕ್ಕದವರಿಂದೆಲ್ಲ ಒಂದೊಂದು ಪುಟ ಬರೆಸಿ ಪುಸ್ತಕ ಮಾಡುತ್ತಿದ್ದಾರೆ. ನಾವು ಬಂದ ಮೊದಲ ಚಳಿಗಾಲದಲ್ಲಿ ನಾವು ಏಳುವಷ್ಟರಲ್ಲಿ ಟ್ರ್ಯಾಕ್ಟರ್ ತಂದು ನಮ್ಮ ಮನೆ ದಾರಿಯ ಹಿಮ ತೆಗೆದು ಹೋಗಿರುತ್ತಿದ್ದರು. ಯಾರೂ ಹೇಳಿರಲಿಲ್ಲ. ಅವರ ಕೋಳಿಗೂಡಿನ ಗೋಡೆಯಲ್ಲಿ ಒಂದು ಹಳೇ ಹಲಗೆ ಇದೆ, ಅದರ ಮೇಲೆ ಮಾಸಿದ ಬಿಳಿ ಬಣ್ಣದಲ್ಲಿ ಅವರ ಮನೆತನದ ಹೆಸರು, ಕೆಳಗೆ ಹ್ಯಾಲಿಫ್ಯಾಕ್ಸ್ ಅಂತ ಇದೆ. ಆ ಹಲಗೆ ಏನು ಅಂತ ಕೇಳಬೇಕು ಅಂದುಕೊಂಡಿದ್ದೆ, ಆಗಲೇ ಇಲ್ಲ. ಅವರ ಬದುಕಿನ ಹಿನ್ನೆಲೆ ಗೊತ್ತಿರುವವರು ಹೇಳಿ.

ಹಳೇ ಗೆಜೆಟ್:
ಆ ಹಲಗೆ ಅವರ ಸಾಮಾನಿನ ಪೆಟ್ಟಿಗೆಯದೇ ಇರಬೇಕು. ಯುದ್ಧ ಮುಗಿದ ಮೇಲೆ ಅಲ್ಲಿಂದ ಹೊರಡುವವರಿಗೆ ಜಾಸ್ತಿ ದುಡ್ಡು ಒಯ್ಯಲು ಸರ್ಕಾರ ಬಿಡುತ್ತಿರಲಿಲ್ಲ. ಹಾಗಾಗಿ ಕೈಯಲ್ಲಿದ್ದ ಹಣಕ್ಕೆ ಹಾಸಿಗೆ, ಸೈಕಲ್, ಹೊಲಿಗೆ ಮಷಿನ್ ಎಲ್ಲ ಕೊಂಡು ದೊಡ್ಡ ಮರದ ಪೆಟ್ಟಿಗೆಗೆ ತುಂಬಿಸಿ ತರುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಆ ಮರವನ್ನೂ ಬಿಸಾಡುತ್ತಿರಲಿಲ್ಲ. ಕೆನಡಾದ ಪೂರ್ವ ತೀರದ ಬಂದರು ಹ್ಯಾಲಿಫ್ಯಾಕ್ಸ್‌ನ ಪಿಯರ್ 21 ಅನ್ನುವ ಹಡಗುಕಟ್ಟೆಯಲ್ಲಿ ಇಳಿದು ರೈಲು ಹತ್ತುವುದು ಆಗಿನ ಸಾಮಾನ್ಯ ದಾರಿ. 1971ರಲ್ಲಿ ಮುಚ್ಚಿದ ಆ ಕಟ್ಟಡ ಈಗ ವಲಸೆಯ ಮ್ಯೂಸಿಯಂ. ಹಡಗಿನ ಹೆಸರು ಹೇಳಿ ವಿಚಾರಿಸಿದರೆ ಅವರು ನೆರವಾಗುತ್ತಾರೆ.

ಯಾಕೆ ಬಂದರು ಅಂದರೆ, ಮುಖ್ಯವಾಗಿ ಜಮೀನು. ಚಿಕ್ಕ ದೇಶ, ಮನೆಯಲ್ಲಿ ಐದಾರು ಗಂಡುಮಕ್ಕಳಿದ್ದರೆ ಹೊಲ ಯಾರಿಗೆ ಅಂತ ಕೊಡುವುದು? ಇಲ್ಲಿಯ ರೈತನೊಬ್ಬ ಕೆಲಸ ಕೊಡಲು ಒಪ್ಪಬೇಕಿತ್ತು, ಸಾಮಾನ್ಯವಾಗಿ ಒಂದು ವರ್ಷ ಅವನಲ್ಲೇ ದುಡಿಯಬೇಕು. ಇರಲು ಏನು ಕೊಡುತ್ತಾರೋ ಅದೇ ಮನೆ, ಕೆಲವರಿಗೆ ಖಾಲಿ ಕೋಳಿಗೂಡೂ ಸಿಕ್ಕಿದ್ದಿದೆ. ಕೆನಡಾವನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣ, 1945ರ ಏಪ್ರಿಲ್‌ನಲ್ಲಿ ಫ್ರೀಸ್‌ಲ್ಯಾಂಡ್‌ಗೆ ಬಂದು ಜರ್ಮನ್ನರನ್ನು ಓಡಿಸಿದ್ದು ಕೆನಡಾದ ಸೈನಿಕರು. ನಿಮ್ಮ ಪಾಕೆಗೆ ಆಗ ಆರರ ಆಸುಪಾಸು, ನೆನಪಿರುವ ವಯಸ್ಸೇ ಅಲ್ವಾ?

ಗದ್ದೆ ಹುಡುಗಿ:
ನಮ್ಮ ಮಾವನವರೂ ಫ್ರೀಸ್‌ಲ್ಯಾಂಡ್‌ನವರು, ಅದಕ್ಕೆ ಬರೆಯುತ್ತಿದ್ದೇನೆ. 1944ರ ಕೊನೆಯ ಚಳಿಗಾಲದಲ್ಲಿ ಆಮ್‌ಸ್ಟರ್‌ಡ್ಯಾಂ ಕಡೆ ಜನ ಹಸಿವಿನಿಂದ ಸತ್ತರು, ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು. ಆಗ ಪಟ್ಟಣದ ಮಕ್ಕಳನ್ನು ಉತ್ತರದ ಹಳ್ಳಿಗಳಿಗೆ ಕಳಿಸಿದ್ದರು. ಮಾವನ ಮನೆಯಲ್ಲೂ ಒಬ್ಬ ಹುಡುಗನಿದ್ದನಂತೆ. ಇವತ್ತಿಗೂ ಅವರು ಬೆಣ್ಣೆ ಸುತ್ತಿದ ಕಾಗದವನ್ನು ಚಾಕುವಿನಲ್ಲಿ ಪೂರ್ತಿ ಕೆರೆಯದೆ ಬಿಡುವುದಿಲ್ಲ. ಆಲೂಗಡ್ಡೆ ಸಿಪ್ಪೆ ಎಷ್ಟು ತೆಳ್ಳಗೆ ತೆಗೆಯುತ್ತಾರೆ ಅಂದರೆ ಅದರ ಆಚೆಗಿನ ಬೆಳಕು ಕಾಣುತ್ತದೆ.

ಭಾನುವಾರದ ಬಗ್ಗೆ ಖಂಡಿತ ಬರೆಯಿರಿ. ಹುಲ್ಲು ಕೊಯ್ದು ಹೊಲದಲ್ಲೇ ಒಣಗುತ್ತಿರುತ್ತದೆ, ಸಂಜೆಗೆ ಮಳೆ ಅಂತ ರೇಡಿಯೋದಲ್ಲಿ ಹೇಳುತ್ತಿರುತ್ತಾರೆ, ಆದರೂ ಅವತ್ತು ದೇವರ ದಿನ, ದುಡಿಯಬಾರದು ಅಂತ ಹುಲ್ಲು ಎತ್ತುವುದಿಲ್ಲ. ಹಾಲು ಮಾತ್ರ ಕರೆಯುತ್ತಾರೆ, ಹಸು ಕಾಯುವುದಿಲ್ಲವಲ್ಲ. ಚರ್ಚ್‌ನಲ್ಲಿ ಉಪದೇಶ ಶುರುವಾದ ಕೂಡಲೇ ಸಾಲಿನುದ್ದಕ್ಕೂ ಪೆಪ್ಪರ್‌ಮಿಂಟ್ ಕೈಯಿಂದ ಕೈಗೆ ಹೋಗುತ್ತದೆ. ಆಮೇಲೆ ಯಾರದಾದರೂ ಮನೆಯಲ್ಲಿ ಕಾಫಿ.

ನಿಮ್ಮ ಪಾಕೆ ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚ್‌ (ಡಚ್ ಮೂಲದವರು ಹೆಚ್ಚಾಗಿ ಸೇರುವ ಪ್ರಾಟೆಸ್ಟೆಂಟ್ ಚರ್ಚ್) ನವರಾ? ಹೌದಾದರೆ ಮಗಳನ್ನು ಒಂದು ಮಾತು ಕೇಳಿ. 1979ರ ಸುಮಾರಿಗೆ ವಿಯೆಟ್ನಾಂ ನಿರಾಶ್ರಿತರನ್ನು ಕರೆಸಿಕೊಳ್ಳಲು ಆ ಚರ್ಚ್‌ನವರು ಮುಂದೆ ಬಂದಿದ್ದರು. ನಿಮ್ಮ ದಾರಿಯ ಹಿಮ ತೆಗೆದವರು ಆಗ ಸುಮ್ನೆ ಕೂತಿರುತ್ತಿರಲಿಲ್ಲ ಅನ್ನಿಸುತ್ತದೆ.

ಸಂಜೆ ಬಸ್ಸು:
ಒಂದು ಮಾತು ಸೇರಿಸುತ್ತೇನೆ. ಹುಟ್ಟಿದ ವರ್ಷ, ಮಕ್ಕಳೆಷ್ಟು, ಹಸುಗಳೆಷ್ಟು ಅನ್ನುವುದನ್ನೆಲ್ಲ ಮನೆಯವರೇ ಬರೆದಿರುತ್ತಾರೆ. ಯುದ್ಧದ ಕಥೆಯೂ ಅವರಿಗೆ ಗೊತ್ತು. ಗಾಳಿಯಂತ್ರ, ಮರದ ಚಪ್ಪಲಿ ಅಂತ ಶುರು ಮಾಡಬೇಡಿ. ಹಿಮದ ವಿಷಯ ಅವರ ಮಗಳಿಗೂ ಗೊತ್ತಿಲ್ಲದೇ ಇರಬಹುದು, ಯಾಕೆಂದರೆ ಅಂಥವರು ಮನೆಗೆ ಹೋಗಿ ಹೇಳಿಕೊಳ್ಳುವುದಿಲ್ಲ. ಅದನ್ನು ನೀವೇ ಬರೆಯಬೇಕು.

ಹೊಲದಂಚಿನ ಮನೆ:
ಎಲ್ಲರಿಗೂ ಥ್ಯಾಂಕ್ಸ್. ಮಗಳ ಹತ್ತಿರ ಇವತ್ತು ಮಾತಾಡಿದೆ. ಹಲಗೆ ಪೆಟ್ಟಿಗೆಯದೇ ಅಂತೆ, ಮಿಕ್ಕ ಹಲಗೆಗಳಲ್ಲಿ ಅವರ ಅಜ್ಜ ಮೊದಲ ವರ್ಷ ಅಡುಗೆಮನೆಗೆ ಮೇಜು ಮಾಡಿದ್ದರಂತೆ. ಹಿಮ ತೆಗೆದಿದ್ದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಾಗಾಗಿ ನನ್ನ ಪುಟ ಪೂರ್ತಿ ಆ ಚಳಿಗಾಲದ ಮೇಲೆ. ವಿಯೆಟ್ನಾಂನಿಂದ ಬಂದ ಒಂದು ಸಂಸಾರ ಮೊದಲ ಕೆಲವು ತಿಂಗಳು ಅವರ ಮನೆಯ ಮಹಡಿಯಲ್ಲೇ ಇತ್ತಂತೆ. ಅವರೂ ಒಂದು ಪುಟ ಬರೆಯುತ್ತಿದ್ದಾರೆ.